ಇಪ್ಪತ್ತರಲ್ಲಿ ಒಬ್ಬರು: ಕಣ್ಣಿನ ಡಾಕ್ಟರ್ ಮೋದಿ

ಅಮ್ಮನ ಎಡಗಣ್ಣಿಗೆ ಪೊರೆ ಬಂದಿದೆ. ವಯಸ್ಸಿಗೆ ಬಂದ ಪೊರೆಯಲ್ಲ, ಚಿಕಿತ್ಸೆಯಿಂದ ಬಂದದ್ದು. ಕೆಲವು ವರ್ಷಗಳ ಹಿಂದೆ ಮೂಗಿನ ಪಕ್ಕದ ಗಡ್ಡೆಗೆ ರೇಡಿಯೇಶನ್ ಕೊಟ್ಟಿದ್ದರು. ಗಡ್ಡೆ ಕರಗಿತು, ಅಮ್ಮ ಉಳಿದರು. ಆದರೆ ಕಣ್ಣಿನ ಮಸೂರಕ್ಕೆ ವಿಕಿರಣ ಆಗಿಬರುವುದಿಲ್ಲ. ಕೆಟ್ಟ ಜೀವಕೋಶಗಳನ್ನು ಚರ್ಮ ಉದುರಿಸಿಬಿಡುತ್ತದೆ. ಮಸೂರ ಒಂದು ಚೀಲದೊಳಗೆ ಕೂತಿರುವುದರಿಂದ ಅಲ್ಲಿ ಕೆಟ್ಟದ್ದಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಅದು ನಿಧಾನವಾಗಿ ಹಿಂಭಾಗಕ್ಕೆ ಸರಿದು ಮಬ್ಬಾಗಿ ನಿಲ್ಲುತ್ತದೆ. ಜೊತೆಗೆ ಕಣ್ಣೀರಿನ ಗ್ರಂಥಿಯೂ ಸೊರಗಿ, ಮುಂದಿನ ಪಾರದರ್ಶಕ ಪದರ ಕಾರ್ನಿಯಾ ಒಣಗುತ್ತಿದೆ. ಮೊದಲು ಒಣಗಣ್ಣು ಸರಿಹೋಗಲಿ, ಪೊರೆಯ ಮಾತು ಆಮೇಲೆ ಎಂದಿದ್ದಾರೆ ಡಾಕ್ಟರು.

ಅಮ್ಮನಿಗೆ ಇದು ಹಿಡಿಸಿಲ್ಲ. ಮೋದಿ ಇದ್ದಿದ್ದರೆ ಒಂದೇ ದಿನದಲ್ಲಿ ಮುಗಿಸುತ್ತಿದ್ದರು ಎಂಬುದು ಅವರ ತಕರಾರು. ದೆಹಲಿಯಲ್ಲಿ ನಿಂತು ಹೀಗೆಂದರೆ ಕೇಳಿದವರು ಬೇರೇನೋ ತಿಳಿಯುತ್ತಾರೆ. ಆರ್.ಕೆ.ಪುರಂ ಸೆಕ್ಟರ್ 12ರ ದೆಹಲಿ ಕರ್ನಾಟಕ ಸಂಘದಲ್ಲಿ ಒಂದು ಭಾನುವಾರ ಇದನ್ನು ಹೇಳಿದಾಗ ನನ್ನ ವಯಸ್ಸಿನವರು ನಕ್ಕರು. ಅರವತ್ತು ದಾಟಿದ, ಉತ್ತರ ಕರ್ನಾಟಕ ಕಡೆಯ ಇಬ್ಬರು ಮಾತ್ರ ನಗಲಿಲ್ಲ. ಅವರಿಗೆ ಯಾವ ಮೋದಿ ಎಂದು ಗೊತ್ತಿತ್ತು.

ಮುರಿಗೆಪ್ಪ ಚನ್ನವೀರಪ್ಪ ಮೋದಿ ಹುಟ್ಟಿದ್ದು ಮೊದಲ ಮಹಾಯುದ್ಧದ ನಡುವೆ, ಬೀಳಗಿಯಲ್ಲಿ. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ ಆ ಊರು ಆಗ ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿತ್ತು. ಬೆಳಗಾವಿಯಲ್ಲಿ ವೈದ್ಯ ಓದಿದರು, ಮುಂಬೈಯಲ್ಲಿ ಕಣ್ಣಿನ ಚಿಕಿತ್ಸೆ ಕಲಿತರು. ಅಲ್ಲೇ ನೆಲೆ ನಿಂತಿದ್ದರೆ ಸಮುದ್ರದ ಎದುರಿಗೊಂದು ಮನೆ ಕಟ್ಟಬಹುದಿತ್ತು. ಕ್ವಿಟ್ ಇಂಡಿಯಾ ದಿನಗಳಲ್ಲಿ ಗಾಂಧೀಜಿಯ ಕರೆ ಅವರನ್ನು ತಟ್ಟಿತು. 1943ರಿಂದ ಅವರು ಹಳ್ಳಿಗಳ ಕಡೆ ಹೊರಟರು, ಮತ್ತೆ ಐವತ್ತು ವರ್ಷ ಆ ದಾರಿ ಬಿಡಲಿಲ್ಲ.

ಹಳ್ಳಿಯಲ್ಲಿ ಆಗ ಅವರ ಎದುರಿಗೆ ಇದ್ದದ್ದು ಬರೀ ಕುರುಡುತನವಲ್ಲ, ಅರೆಬರೆ ಮದ್ದು ಕೂಡ. ಸೂಜಿಯಿಂದ ಕಣ್ಣು ಚುಚ್ಚಿ, ಪೊರೆಗಟ್ಟಿದ ಮಸೂರವನ್ನು ಒಳಕ್ಕೆ ತಳ್ಳುವ ಸಂಚಾರಿ ವೈದ್ಯರು ಊರೂರು ತಿರುಗುತ್ತಿದ್ದರು. ತಳ್ಳಿದ ಗಳಿಗೆಯಲ್ಲಿ ಬೆಳಕು ಕಾಣುತ್ತಿತ್ತು. ಒಳಗೆ ಬಿದ್ದ ಮಸೂರ ಮುಂದೆ ಉರಿಯೂತವನ್ನೋ ಕಣ್ಣಿನ ಒತ್ತಡವನ್ನೋ ತರುವ ಹೊತ್ತಿಗೆ ವೈದ್ಯ ಮೂರು ಊರು ದಾಟಿರುತ್ತಿದ್ದ. ಇನ್ನು ಮನೆಮದ್ದು. ಹೊಲದಲ್ಲಿ ಜೋಳದ ಗರಿ ಕಣ್ಣಿಗೆ ಬಡಿದರೆ ಸೊಪ್ಪಿನ ರಸ ಹಿಂಡುತ್ತಿದ್ದರು. ಗಾಯಕ್ಕೆ ಸೋಂಕು ತಗಲಿ ಹುಣ್ಣಾಗುತ್ತಿತ್ತು, ಮಾಗಿದಾಗ ಬಿಳಿ ಕಲೆ ಉಳಿಯುತ್ತಿತ್ತು. ಕಣ್ಣಿಗೆ ಹೂ ಬಿದ್ದಿದೆ ಎನ್ನುತ್ತಿದ್ದರು ನಮ್ಮ ಕಡೆ. ಇಷ್ಟು ಕ್ರೂರವಾದದ್ದಕ್ಕೆ ಅಷ್ಟು ಚಂದದ ಹೆಸರು ಯಾರಿಟ್ಟರೋ.

ಮೋದಿಯವರ ಶಿಬಿರ ನಡೆಯುತ್ತಿದ್ದದ್ದು ಶಾಲೆಯಲ್ಲಿ, ಛತ್ರದಲ್ಲಿ, ಮಠದ ಅಂಗಳದಲ್ಲಿ. ಸುದ್ದಿ ಹೋದರೆ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಆ ಕಾಲದ ಸಾಮೂಹಿಕ ಶಿಬಿರಗಳಲ್ಲಿ ರೋಗಿಯನ್ನು ಡಾಕ್ಟರ ಬಳಿ ಒಯ್ಯುತ್ತಿರಲಿಲ್ಲ, ಸಾಲಾಗಿ ಮಲಗಿದ ರೋಗಿಗಳ ಬಳಿಗೆ ಡಾಕ್ಟರೇ ಸರಿಯುತ್ತಿದ್ದರು. ಹನಿ ಹಾಕುವವರು ಒಬ್ಬರು, ಮರಗಟ್ಟುವ ಇಂಜೆಕ್ಷನ್ ಕೊಡುವವರು ಒಬ್ಬರು, ಪಟ್ಟಿ ಕಟ್ಟುವವರು ಮತ್ತೊಬ್ಬರು. ಶಸ್ತ್ರ ಹಿಡಿದ ಕೈ ಶಸ್ತ್ರದ ಕೆಲಸವೊಂದನ್ನೇ ಮಾಡುತ್ತಿತ್ತು. ಆಮೇಲೆ ಹಲವು ದಿನ ತಲೆ ಅಲ್ಲಾಡಿಸದೆ ಮಲಗಬೇಕು. ಊಟ ಉಪಚಾರ ಊರವರದು. ಜನ ಅವರನ್ನು ಕಣ್ಣು ಕೊಟ್ಟ ಅಣ್ಣ ಎಂದು ಕರೆದರು. ಸರ್ಕಾರ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಕೊಟ್ಟಿತು.

ಗಿನ್ನೆಸ್ ಪುಸ್ತಕ ದಾಖಲಿಸಿದ್ದು ಇಷ್ಟು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ. 1993ರ ಫೆಬ್ರುವರಿಯವರೆಗೆ 46,120 ಹಳ್ಳಿ, 1,21,18,630 ರೋಗಿಗಳು, 6,10,564 ಶಸ್ತ್ರಚಿಕಿತ್ಸೆ. ನನ್ನ ಹೊಟ್ಟೆಪಾಡೇ ಇಂಥ ಅಂಕಿಗಳನ್ನು ನೋಡುವುದು, ಹಾಗಾಗಿ ಭಾಗಿಸದೆ ಇರಲಾಗಲಿಲ್ಲ. ಇಪ್ಪತ್ನಾಲ್ಕು ಗಂಟೆ ಕಣ್ಣು ಮುಚ್ಚದೆ ದುಡಿದರೂ 833 ಎಂದರೆ ಒಂದು ಕಣ್ಣಿಗೆ 1 ನಿಮಿಷ 44 ಸೆಕೆಂಡು. ಐವತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ ಎರಡೂವರೆ ಹಳ್ಳಿ, ಇದನ್ನು ನಂಬಲು ನನಗೆ ಸ್ವಲ್ಪ ಕಷ್ಟ. ಆದರೆ ಎಲ್ಲರೂ ಉದಾಹರಿಸುವ 833ನ್ನು ಬದಿಗಿಟ್ಟು ಕೊನೆಯ ಎರಡು ಅಂಕಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಸುಮಾರು ಇಪ್ಪತ್ತು ಜನರನ್ನು ನೋಡಿದ್ದರೆ ಒಬ್ಬರಿಗೆ ಶಸ್ತ್ರಚಿಕಿತ್ಸೆ. ಉಳಿದ ಹತ್ತೊಂಬತ್ತು ಜನರ ಕಣ್ಣಿಗೆ ಅವರು ಕತ್ತಿ ತಾಗಿಸಲಿಲ್ಲ. ಯಾರಿಗೋ ಹನಿ ಸಾಕಿತ್ತು, ಯಾರಿಗೋ ಕನ್ನಡಕ. ಯಾರದೋ ಪೊರೆ ಇನ್ನೂ ಬಲಿತಿರಲಿಲ್ಲ, ಯಾರ ಕಣ್ಣಿನಲ್ಲೋ ಕೀವಿತ್ತು. ವೇಗಕ್ಕೆ ಹೆಸರಾದ ಮನುಷ್ಯನ ದಿನದ ಬಹುಪಾಲು ಇಂಥ ವಿಂಗಡಣೆಗೇ ಹೋಗಿರಬೇಕು.

ನಮ್ಮಜ್ಜಿ ಆ ಇಪ್ಪತ್ತರಲ್ಲಿ ಒಬ್ಬಳೂ ಹೌದು, ಹತ್ತೊಂಬತ್ತರಲ್ಲಿ ಒಬ್ಬಳೂ ಹೌದು. ಎಡಗಣ್ಣಿಗೆ ಸಣ್ಣ ವಯಸ್ಸಿನಲ್ಲೇ ಹೂ ಬಿದ್ದಿತ್ತು, ಬಲಗಣ್ಣಿಗೆ ಪೊರೆ. ಹರಿಹರದ ಕಡೆಯ ಶಿಬಿರವೊಂದರಲ್ಲಿ ಬಲಗಣ್ಣಿನ ಪೊರೆ ತೆಗೆದರು, ಎಡಗಣ್ಣನ್ನು ಹಾಗೇ ಬಿಟ್ಟರು. ಬಿಟ್ಟರು ಎಂಬ ಮುನಿಸು ಅಜ್ಜಿಗೆ ಕೊನೆಯವರೆಗೂ ಇತ್ತು. ಪೊರೆಯನ್ನು ತೆಗೆದರೆ ಆಯಿತು. ಕಲೆ ಬಿದ್ದ ಕಾರ್ನಿಯಾದ ಜಾಗಕ್ಕೆ ಸತ್ತವರ ಕಾರ್ನಿಯಾವನ್ನೇ ತಂದು ಹೊಲಿಯಬೇಕು, ಸತ್ತ ಆರು ಗಂಟೆಯೊಳಗೆ ಅದನ್ನು ತೆಗೆದಿರಬೇಕು. ಶಾಲೆಯ ಬೆಂಚಿನ ಮೇಲೆ ಆಗುವ ಕೆಲಸವಲ್ಲ ಅದು. ಮೋದಿ ತೀರಿಕೊಂಡದ್ದು 2005ರ ನವೆಂಬರಿನಲ್ಲಿ. ಐದು ತಿಂಗಳ ಮೇಲೆ, 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣು ದಾನವಾದಾಗಲೇ ನಮ್ಮ ಊರಿನ ಕಟ್ಟೆಯ ಮೇಲೆ ಕಾರ್ನಿಯಾ ಎಂಬ ಪದ ಕೇಳಿಬಂದದ್ದು. ಅಜ್ಜಿ ಅಷ್ಟರಲ್ಲಿ ಇರಲಿಲ್ಲ.

ಅಜ್ಜಿಯ ಬಲಗಣ್ಣಿಗೂ ಸಿಕ್ಕಿದ್ದು ಅರ್ಧ ದೃಷ್ಟಿ. ಆಗಿನ ವಿಧಾನದಲ್ಲಿ ಮಸೂರವನ್ನು ಚೀಲದ ಸಮೇತ ತೆಗೆಯುತ್ತಿದ್ದರು, ಬದಲಿಗೆ ಏನನ್ನೂ ಇಡುತ್ತಿರಲಿಲ್ಲ. ಕಣ್ಣೊಳಗೆ ಕೃತಕ ಮಸೂರ ಇಡುವುದನ್ನು ಹೆರಾಲ್ಡ್ ರಿಡ್ಲಿ ಲಂಡನ್ನಿನಲ್ಲಿ 1949ರಲ್ಲೇ ಮಾಡಿ ತೋರಿಸಿದ್ದರೂ ನಮ್ಮ ಹಳ್ಳಿಗಳಿಗೆ ಅದು ತಲುಪಲು ದಶಕಗಳೇ ಬೇಕಾದವು. ಅಲ್ಲಿಯವರೆಗೆ ಬಾಟಲಿಯ ತಳದಂಥ ಕನ್ನಡಕವೇ ಗತಿ. ಅದರಲ್ಲಿ ಲೋಕ ಕಾಲುಭಾಗ ದೊಡ್ಡದಾಗಿ, ಕಾಲುಭಾಗ ಹತ್ತಿರವಾಗಿ ಕಾಣುತ್ತದೆ. ಅಜ್ಜಿ ಲೋಟ ಇಡಲು ಹೋದರೆ ಕಟ್ಟೆ ಸಿಗುತ್ತಿರಲಿಲ್ಲ. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದಕ್ಕೆ ಮಾತ್ರ ಇಂಥ ಗಾಜು ಬಂದರೆ ಎರಡು ಅಳತೆಯ ಎರಡು ಚಿತ್ರ ಕಂಡು ತಲೆ ಸುತ್ತುತ್ತದೆ. ಆ ತೊಂದರೆ ಅವಳಿಗೆ ಆಗಲಿಲ್ಲ, ಹೂ ಬಿದ್ದ ಕಣ್ಣು ಅಷ್ಟರ ಮಟ್ಟಿಗೆ ಉಪಕಾರ ಮಾಡಿತ್ತು. ಆ ಕನ್ನಡಕದಲ್ಲೇ ಅಕ್ಕಿ ಆರಿಸಿದಳು, ನನ್ನ ಮುಖ ನೋಡಿದಳು.

ಗಿನ್ನೆಸ್‌ನ ಆ ಸಾಲಿನಲ್ಲಿ ಆರು ತಿಂಗಳ ಮೇಲೆ ಎಷ್ಟು ಕಣ್ಣು ಕಾಣುತ್ತಿದ್ದವು ಎಂಬ ಅಂಕಿ ಇಲ್ಲ. ಮೋದಿಯವರ ಮೇಲಿನ ಆರೋಪವಾಗಿ ಇದನ್ನು ಹೇಳುತ್ತಿಲ್ಲ. ದಾಖಲೆ ಬರೆಯುವವರು ಕೇಳಬೇಕಿದ್ದ ಅಂಕಿ ಅದು. ಸಾಲಿನ ಕೆಲಸದ ಅಪಾಯ ನಮ್ಮಂಥವರಿಗೆ ಚೆನ್ನಾಗಿ ಗೊತ್ತು. ಒಂದು ತಪ್ಪು ಒಂದೇ ಕಡೆ ನಿಲ್ಲುವುದಿಲ್ಲ. ಒಂದೇ ಬಾಟಲಿ, ಒಂದೇ ಉಪಕರಣ, ಒಂದೇ ದ್ರಾವಣ ಇಡೀ ಸಾಲಿಗೆ ಹೋಗುತ್ತದೆ. 2014ರಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯ ಘುಮಾನ್‌ನಲ್ಲಿ ನಡೆದ ಶಿಬಿರದ ಬಳಿಕ ಹಲವಾರು ಬಡವರು ಕಣ್ಣು ಕಳೆದುಕೊಂಡರು. 2019ರ ಜುಲೈನಲ್ಲಿ, ಶಿಬಿರವಲ್ಲದ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲೇ ಒಂದೇ ದಿನ ಪೊರೆ ತೆಗೆಸಿಕೊಂಡವರಲ್ಲಿ ಹಲವರಿಗೆ ಸೋಂಕಾಗಿ ದೃಷ್ಟಿ ಹೋಯಿತು. ಈಗ ಹಳ್ಳಿಯಲ್ಲಿ ತಪಾಸಣೆ ಮಾತ್ರ, ಶಸ್ತ್ರಚಿಕಿತ್ಸೆಗೆ ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಡೇರೆಯ ಕಾಲ ಮುಗಿಯಿತು, ಮುಗಿಯಬೇಕಿತ್ತು. ಆದರೆ ಬೀಳಗಿಯ ಸುತ್ತ 1943ರಲ್ಲಿ ಕರೆದೊಯ್ಯಲು ಆಸ್ಪತ್ರೆ ಎಲ್ಲಿತ್ತು, ಬಸ್ಸು ಎಲ್ಲಿತ್ತು?

ಬೆಂಗಳೂರಿನ ಪಶ್ಚಿಮ ಕಾರ್ಡ್ ರಸ್ತೆಯ ಬಳಿ ಅವರ ಆಸ್ಪತ್ರೆ ಇದೆ. ರಸ್ತೆಗೂ ಬಸ್ ನಿಲ್ದಾಣಕ್ಕೂ ಮೋದಿ ಆಸ್ಪತ್ರೆಯದೇ ಹೆಸರು. ಎಂಟೆಕ್ ಮುಗಿಸಿ ಮೊದಲ ಕೆಲಸಕ್ಕೆ ಸೇರಿದಾಗ ಒಂದು ವರ್ಷ ಆ ನಿಲ್ದಾಣದಲ್ಲೇ ಇಳಿದು ಹತ್ತಿದ್ದೇನೆ. ಒಂದು ದಿನವೂ ಒಳಗೆ ಇಣುಕಲಿಲ್ಲ.

ಮೊನ್ನೆ ಅಮ್ಮನಿಗೆ ಈ ಇಪ್ಪತ್ತರ ಲೆಕ್ಕ ಹೇಳಿದೆ. ಮೋದಿಯವರ ಎದುರು ಕೂತಿದ್ದರೆ ಈ ಒಣಗಿದ ಕಣ್ಣನ್ನು ನೋಡಿ ಅವರೂ ಹನಿ ಕೊಟ್ಟು ಕಳಿಸುತ್ತಿದ್ದರು ಎಂದೆ. ಅಮ್ಮ ಒಪ್ಪಿದಂತೆ ಕಾಣಲಿಲ್ಲ. ಆದರೆ ದಿನಕ್ಕೆ ನಾಲ್ಕು ಸಲದ ಹನಿಯನ್ನು ಈಗ ಕೇಳದೆಯೇ ಹಾಕಿಸಿಕೊಳ್ಳುತ್ತಾರೆ. ಮುಂದಿನ ತಪಾಸಣೆ ತಿಂಗಳ ಕೊನೆಗೆ.