ಕೊಳಗದ ಲೆಕ್ಕ ಕೇಳಿದ ಗೋಪಾಲಗೌಡರು

ಕೊಳಗ ಅಂದರೆ ಏನು ಅಂತ ಈಗ ಕಾಲೇಜಿಗೆ ಹೋಗುವ ಹುಡುಗರನ್ನು ಕೇಳಿ ನೋಡಿ, ಮುಖ ಮುಖ ನೋಡಿಕೊಳ್ಳುತ್ತಾರೆ. ಭತ್ತ ಅಳೆಯುವ ಪಾತ್ರೆ, ಅಷ್ಟೇ. ಆದರೆ ನಮ್ಮ ಜಿಲ್ಲೆಯ ಸಾಗರ ಸೀಮೆಯಲ್ಲಿ ಒಂದು ಕಾಲಕ್ಕೆ ಇದೇ ಪಾತ್ರೆಯಿಂದ ಬಡವನ ಹೊಟ್ಟೆಗೆ ಹೊಡೆಯುತ್ತಿದ್ದರು. ಗೇಣಿ ಭತ್ತ ಅಳೆಯುವಾಗ ಧಣಿಗಳ ಮನೆಯಿಂದ ಬರುತ್ತಿದ್ದದ್ದು ನ್ಯಾಯವಾದ ಅಳತೆಗಿಂತ ದೊಡ್ಡ ಕೊಳಗ. ಲೆಕ್ಕದಲ್ಲಿ ಹತ್ತು ಕೊಳಗ ಅಂತ ಬರೆದರೂ ಒಕ್ಕಲಿನ ಕಣದಿಂದ ಹೋಗುತ್ತಿದ್ದದ್ದು ಅದಕ್ಕಿಂತ ಹೆಚ್ಚು. ಬಾಯಿ ಬಿಟ್ಟವನಿಗೆ ಮುಂದಿನ ವರ್ಷ ಗದ್ದೆ ಇಲ್ಲ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೆ ಅರ್ಥಶಾಸ್ತ್ರ ತಲೆಗೆ ಹತ್ತಲಿಲ್ಲ, ಆದರೆ ಕೊಳಗದ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

ಈ ಲೆಕ್ಕವನ್ನು ಕಣದಿಂದ ವಿಧಾನಸಭೆಯವರೆಗೆ ಹೊತ್ತುಕೊಂಡು ಹೋದವರು ಶಾಂತವೇರಿ ಗೋಪಾಲಗೌಡರು. ಹುಟ್ಟಿದ್ದು 1923ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಹತ್ತಿರ. ಉಳ್ಳವರ ಮನೆಯಲ್ಲ. 1942ರ ಚಳುವಳಿಯಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಜೈಲು ಕಂಡರು. ಆಮೇಲೆ ಸಮಾಜವಾದಿ ಪಕ್ಷ ಸೇರಿದರು.

1951ಕ್ಕೆ ಬರೋಣ. ಸಂವಿಧಾನ ಬಂದು ವರ್ಷ ಕಳೆದಿತ್ತು. ಬಡವನಿಗೂ ಒಂದೇ ವೋಟು, ಧಣಿಗೂ ಒಂದೇ ವೋಟು ಅಂತ ಸಾರಿದ್ದೂ ಆಗಿತ್ತು. ಕಾಗೋಡಿನಲ್ಲಿ ಕೊಳಗ ಮಾತ್ರ ಹಳೇದೇ! ಅಲ್ಲಿನ ಗೇಣಿದಾರರು ಬಹುಪಾಲು ದೀವರು. ಎಚ್. ಗಣಪತಿಯಪ್ಪನವರು ಅವರನ್ನು ರೈತ ಸಂಘ ಕಟ್ಟಿ ಒಟ್ಟು ಮಾಡಿದ್ದರು. ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಬಿಡಿಸಿದ ಗದ್ದೆಗೇ ನೇಗಿಲು ಹೊತ್ತು ಇಳಿಯೋದು, ಪೊಲೀಸರು ಹಿಡಿದುಕೊಂಡು ಹೋಗೋದು, ಮತ್ತೆ ಇನ್ನೊಂದು ತಂಡ ಇಳಿಯೋದು. ಹೆಂಗಸರೂ ಹಿಂದೆ ಬೀಳಲಿಲ್ಲ. ಗೋಪಾಲಗೌಡರು ಆ ಜಾತಿಯವರಲ್ಲ, ಆ ಊರಿನವರೂ ಅಲ್ಲ. ಆದರೂ ಪಕ್ಷವನ್ನು ಹೋರಾಟದ ಬೆನ್ನಿಗೆ ನಿಲ್ಲಿಸಿ ತಾವೂ ಜೈಲಿಗೆ ಹೋದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದ ಮೇಲೆ ಕಾಗೋಡಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ನಿಜ ಹೇಳಬೇಕೆಂದರೆ, ಒಕ್ಕಲುಗಳ ಕೈಗೆ ಗದ್ದೆ ಮಾತ್ರ ಆಗ ಬರಲಿಲ್ಲ.

ಬಂದದ್ದು ವೋಟಿನ ಬಲ. 1952ರಲ್ಲಿ ಸಾಗರ-ಹೊಸನಗರದ ಜನ ಕಾಸಿಲ್ಲದ ಈ ಮನುಷ್ಯನನ್ನು ಗೆಲ್ಲಿಸಿ ಬೆಂಗಳೂರಿಗೆ ಕಳಿಸಿದರು. ಆಗ ಅವರಿಗೆ ಇಪ್ಪತ್ತೊಂಬತ್ತು. ಸದನದಲ್ಲಿ ಅವರು ಎದ್ದು ನಿಂತರೆ ಮಂತ್ರಿಗಳು ಕಾಗದ ಹುಡುಕಬೇಕಿತ್ತು. ಸಿಟ್ಟೂ ಜಾಸ್ತಿ, ಸಾಹಿತ್ಯದ ಹುಚ್ಚೂ ಜಾಸ್ತಿ. 1957ರಲ್ಲಿ ಸೋತರು. ವಿಪರ್ಯಾಸ ನೋಡಿ, 1961ರ ಭೂಸುಧಾರಣಾ ಕಾಯ್ದೆ ರೂಪುಗೊಂಡಾಗ ಉಳುವವನ ಪರ ಗುಡುಗಬೇಕಾದ ಗೌಡರೇ ಶಾಸಕರಾಗಿರಲಿಲ್ಲ. ಕಾಯ್ದೆಯಲ್ಲಿ ತೂತುಗಳಿಗೇನೂ ಬರ ಇರಲಿಲ್ಲ. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದು ಬಂದರು.

ಮೂರು ಸಲ ಶಾಸಕರಾದವರು ಏನು ಮಾಡಿಕೊಂಡರು ಅಂತ ಈಗಿನವರು ಕೇಳಬಹುದು. ಏನೂ ಇಲ್ಲ ಸ್ವಾಮಿ. ಆರೋಗ್ಯ ಕೆಟ್ಟಿತು, ಅಷ್ಟೇ. ಆಸ್ತಿ ಮಾಡಲಿಲ್ಲ, ಮಂತ್ರಿಗಿರಿಗೆ ಪಕ್ಷ ಬಿಟ್ಟು ಜಿಗಿಯಲಿಲ್ಲ. 1972ರ ಜೂನ್ 9ರಂದು ತೀರಿಕೊಂಡಾಗ ವಯಸ್ಸು ಇನ್ನೂ ನಲವತ್ತೊಂಬತ್ತು. ಅವರ ನೆರಳಿನಲ್ಲಿ ಬೆಳೆದ ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್ ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು.

ಗೌಡರು ಹೋಗಿ ಎರಡು ವರ್ಷವೂ ತುಂಬಿರಲಿಲ್ಲ, ದೇವರಾಜ ಅರಸರ ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಪದ್ಧತಿಯೇ ರದ್ದು. ಏಳನೇ ನಮೂನೆ ಅರ್ಜಿ ಹಿಡಿದುಕೊಂಡು ಒಕ್ಕಲುಗಳು ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಕಾಗೋಡಿನಲ್ಲಿ ಜೈಲಿಗೆ ಹೋದವರ ಪೈಕಿ ಎಷ್ಟೋ ಮಂದಿಗೆ ತಲೆ ನರೆತಿತ್ತು.

ಎಲ್ಲರಿಗೂ ಸಿಗಲಿಲ್ಲ. ಗೇಣಿ ಚೀಟಿಯೂ ಇಲ್ಲದೆ ಕೂಲಿಗೆ ದುಡಿದವರಿಗೆ ಆ ಕಾಯ್ದೆಯಲ್ಲಿ ಹೆಚ್ಚೇನೂ ಇರಲಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಊರು ಮುಳುಗಿ ಕಾಡಂಚಿಗೆ ಬಂದು ಕೂತ ಶರಾವತಿ ಸಂತ್ರಸ್ತರು, ಅವರ ಮೊಮ್ಮಕ್ಕಳು, ಹಕ್ಕುಪತ್ರಕ್ಕಾಗಿ ಕಚೇರಿ ಮೆಟ್ಟಿಲು ಹತ್ತಿಳಿದದ್ದು ಇದೇ ಜಿಲ್ಲೆಯಲ್ಲಿ. 2020ರಲ್ಲಿ ಅದೇ ಭೂಸುಧಾರಣಾ ಕಾಯ್ದೆಗೆ ಇನ್ನೊಂದು ತಿದ್ದುಪಡಿ ಬಂತು. ಕೃಷಿಕನಲ್ಲದವನೂ ಕೃಷಿ ಜಮೀನು ಕೊಳ್ಳಬಹುದು ಅಂತಾಯಿತು. ಸದನದಲ್ಲಿ ಎದ್ದು ನಿಂತು ಕೊಳಗ ತನ್ನಿ, ಅಳೆಯೋಣ ಎನ್ನುವವರು ಈ ಸಲವೂ ಒಳಗಿರಲಿಲ್ಲ.