ಗಣಿತದ ಗುರು ಮಹಾವೀರಾಚಾರ್ಯ

ಯಲಹಂಕ, ಹೆಬ್ಬಾಳ, ಯಶವಂತಪುರಗಳಿಂದ ಕಾಲೇಜಿಗೆ ಬರುವ ನಮ್ಮ ಸ್ನೇಹಿತರಲ್ಲಿ ಗಣಿತವೆಂದರೆ ಅಂಜುವವರೇ ಹೆಚ್ಚು. ಸಂಭವನೀಯತೆಯ ಲೆಕ್ಕವೊಂದನ್ನು ಮನೆಗೆ ಕೊಟ್ಟರೆ ಸಾಕು, ಮರುದಿನ ಬೆಳಿಗ್ಗೆ ಒಬ್ಬರ ನೋಟುಪುಸ್ತಕವನ್ನು ಇನ್ನೊಬ್ಬರು ಹುಡುಕುತ್ತೇವೆ. ಇಂತಹ ಅಂಜಿಕೆಯನ್ನು ಬಿಡಿಸಬಲ್ಲ ಗುರುವೊಬ್ಬನು ಹಿಂದೆಯೇ ನಮ್ಮ ನಾಡಿನಲ್ಲಿ ಆಗಿಹೋಗಿದ್ದಾನೆ. ಆತನೇ ಮಹಾವೀರಾಚಾರ್ಯ.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಬಾಳಿದ ಈ ಜೈನ ವಿದ್ವಾಂಸನು ಕ್ರಿ.ಶ. 850ರ ಸುಮಾರಿಗೆ ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಕನ್ನಡದ ‘ಕವಿರಾಜಮಾರ್ಗ’ ಮೂಡಿದ್ದೂ ಅದೇ ಅರಸನ ಕಾಲದಲ್ಲಿ. ಅಂದು ಗಣಿತವು ಬಹುಮಟ್ಟಿಗೆ ಖಗೋಳ ಗ್ರಂಥಗಳ ಒಂದು ಅಧ್ಯಾಯವಾಗಿತ್ತು. ಆಚಾರ್ಯನು ಅದಕ್ಕೆ ಸ್ವತಂತ್ರ ಗ್ರಂಥವನ್ನೇ ಮೀಸಲಿಟ್ಟನು. ಆದರೂ ಎಲ್ಲವೂ ತನ್ನದೆಂದು ಹೇಳಿಕೊಳ್ಳದೆ, ಹಿರಿಯರ ಜ್ಞಾನಸಾಗರದಿಂದ ಸಾರವನ್ನಷ್ಟೇ ಆರಿಸಿ ತಂದೆನೆಂದು ವಿನಯದಿಂದ ತಿಳಿಸಿದನು. ಅಡುಗೆ, ಸಂಗೀತ, ವೈದ್ಯ, ವಾಸ್ತು ಮೊದಲಾದ ಎಲ್ಲೆಡೆಯೂ ಗಣಿತ ಬೇಕೆಂಬುದು ಆತನ ನಂಬಿಕೆ.

ಆತನ ಬೋಧನಕ್ರಮವೂ ಅಂತಹುದೇ. ಮೊದಲು ಸೂತ್ರ, ಬಳಿಕ ನಿತ್ಯಜೀವನದ ಉದಾಹರಣೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರುಚಿಗಳನ್ನು ಎಷ್ಟು ವಿಧವಾಗಿ ಬೆರೆಸಬಹುದೆಂದು ಆತನು ಕೇಳುತ್ತಾನೆ. ಮೂರು ರುಚಿಗಳನ್ನು ಆರಿಸಬೇಕಾದರೆ 6, 5, 4ರ ಗುಣಲಬ್ಧವನ್ನು 1, 2, 3ರ ಗುಣಲಬ್ಧದಿಂದ ಭಾಗಿಸಬೇಕು, ಉತ್ತರ 20. ಒಂದರಿಂದ ಆರರವರೆಗಿನ ಎಲ್ಲ ಬೆರಕೆಗಳನ್ನೂ ಕೂಡಿಸಿದರೆ 63. ಸಂಭವನೀಯತೆಯ ಶಾಸ್ತ್ರವು ಯೂರೋಪಿನಲ್ಲಿ ರೂಪುಗೊಂಡದ್ದು 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಬರೆದುಕೊಂಡ ಪತ್ರಗಳಿಂದ. ಆದರೆ ಅದರ ತಳಹದಿಯಾದ ಎಣಿಕೆಯ ಸೂತ್ರ ನಮ್ಮ ಆಚಾರ್ಯನಲ್ಲಿ ಆಗಲೇ ಇತ್ತು. ಕಣ್ಣು ಮುಚ್ಚಿ ಮೂರು ರುಚಿಗಳನ್ನು ಆರಿಸಿದರೆ ಅದರಲ್ಲಿ ಸಿಹಿ ಇರುವ ಸಂಭವವೆಷ್ಟು? ಸಿಹಿಯೊಡನೆ ಉಳಿದ ಐದರಲ್ಲಿ ಎರಡನ್ನು 10 ವಿಧವಾಗಿ ಸೇರಿಸಬಹುದು. ಇಪ್ಪತ್ತರಲ್ಲಿ ಹತ್ತು, ಎಂದರೆ ಅರ್ಧ. ಇಷ್ಟೇ ನಮ್ಮನ್ನು ಹೆದರಿಸುವ ಲೆಕ್ಕ!

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಎಚ್ಚರಿಸಿದ ಈ ಸೂಕ್ಷ್ಮಮತಿಯೂ ಒಂದೆಡೆ ಎಡವಿದನು. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುವುದೆಂದು ಬರೆದನು. ಆದರೆ ಆ ಒಂದು ತಪ್ಪಿಗಾಗಿ ಯಾರೂ ಆತನ ಗ್ರಂಥವನ್ನು ಕೈಬಿಡಲಿಲ್ಲ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು.

ಅಂತಹ ಆಚಾರ್ಯನೇ ತಪ್ಪಿದ್ದಾನೆಂದಮೇಲೆ, ತಪ್ಪು ಉತ್ತರಕ್ಕೆ ನಾವು ನಾಚಬೇಕಾದುದಿಲ್ಲ. ಲೆಕ್ಕವನ್ನು ಮಾಡಿಯೇ ನೋಡದಿರುವುದಕ್ಕೆ ನಾಚಬೇಕು. ಬಲ್ಲವರು ಪಕ್ಕದ ಗೆಳೆಯನಿಗೆ ಉತ್ತರವನ್ನು ಕೊಡದೆ, ದಾರಿಯನ್ನು ತೋರಿಸಿದರೆ ಅದೇ ಈ ಗುರುವಿಗೆ ನಾವು ಸಲ್ಲಿಸುವ ಕಾಣಿಕೆ.