ಸಿಕಂದರನ ದಂಡಿನ ಊಟದ ಲೆಕ್ಕ

ನಮ್ಮ ಮನೆಯಲ್ಲಿ ಅಲೆಕ್ಸಾಂಡರನಿಗೆ ಸಿಕಂದರ್ ಎಂದೇ ಹೆಸರು. ಉರ್ದುವಿನಲ್ಲಿ ಯಾವುದರಲ್ಲಿ ಗೆದ್ದವನನ್ನೂ ಸಿಕಂದರ್ ಎನ್ನುವುದು ರೂಢಿ. ಹಾಗಾಗಿ ಅವನೆಂದರೆ ಕುದುರೆ, ಕತ್ತಿ, ಗೆಲುವು ಅಂತಲೇ ನಾನು ತಿಳಿದಿದ್ದೆ. ಅಕೌಂಟೆನ್ಸಿ ಓದಲು ಶುರು ಮಾಡಿದ ಮೇಲೆ ಬೇರೊಂದು ಪ್ರಶ್ನೆ ಬಂತು. ಅಷ್ಟು ಜನ ದಿನಾ ಏನು ತಿಂದರು?

ಅವನು ಹುಟ್ಟಿದ್ದು ಕ್ರಿ.ಪೂ. 356ರಲ್ಲಿ, ಮ್ಯಾಸಿಡೋನಿಯಾದ ಪೆಲ್ಲಾದಲ್ಲಿ. ಅರಿಸ್ಟಾಟಲ್ ಅವನ ಗುರು ಎಂಬುದು ಎಲ್ಲರಿಗೂ ಗೊತ್ತು. ಆದರೆ ದಂಡು ನಡೆಸುವ ಪಾಠ ಸಿಕ್ಕಿದ್ದು ತಂದೆ ಫಿಲಿಪ್‌ನಿಂದ. ಫಿಲಿಪ್ ತನ್ನ ಸೈನ್ಯದಲ್ಲಿ ಗಾಡಿಗಳನ್ನು ನಿಲ್ಲಿಸಿದ. ಹತ್ತು ಕಾಲಾಳುಗಳಿಗೆ ಒಬ್ಬನೇ ಆಳು ಎಂದು ನಿಯಮ ಮಾಡಿದ. ಬೇಸಿಗೆಯಲ್ಲಿ ಹೊರಟಾಗ 30 ದಿನದ ಹಿಟ್ಟನ್ನು ಸೈನಿಕರೇ ಹೊರಬೇಕಿತ್ತು. ಕ್ರಿ.ಪೂ. 336ರಲ್ಲಿ ಫಿಲಿಪ್ ಕೊಲೆಯಾದ. ಮಗನಿಗೆ ಆಗ 20 ವರ್ಷ. ಎರಡು ವರ್ಷದ ನಂತರ ಸುಮಾರು 30 ಸಾವಿರಕ್ಕೂ ಹೆಚ್ಚು ಕಾಲಾಳು, 5 ಸಾವಿರ ಕುದುರೆ ಸವಾರರೊಂದಿಗೆ ಅವನು ಏಷ್ಯಾಕ್ಕೆ ದಾಟಿದ. ಕೈಯಲ್ಲಿದ್ದ ದವಸ 30 ದಿನಕ್ಕೆ ಮಾತ್ರ ಸಾಲುತ್ತಿತ್ತು, ಮೇಲೆ ಸಾಲ ಬೇರೆ ಇತ್ತು ಎಂದು ಪ್ಲುಟಾರ್ಕ್ ಬರೆದಿದ್ದಾನೆ.

ನಾನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದು ಕಚ್ಚಾ ಲೆಕ್ಕ ಹಾಕಿದೆ. ಒಬ್ಬನಿಗೆ ದಿನಕ್ಕೆ ಒಂದೂವರೆ ಕಿಲೋ ಧಾನ್ಯವೆಂದರೆ 35,000 ಜನರಿಗೆ 52.5 ಟನ್. ಒಂದು ಹೇಸರಗತ್ತೆ 100 ಕಿಲೋ ಹೊರುತ್ತದೆ, ದಿನಕ್ಕೆ 5 ಕಿಲೋ ತಾನೇ ತಿನ್ನುತ್ತದೆ ಎಂದಿಟ್ಟುಕೊಳ್ಳೋಣ. 10 ದಿನದ ದಾರಿಗೆ 10,500 ಹೇಸರಗತ್ತೆ ಬೇಕು. 15 ದಿನಕ್ಕೆ 31,500 ಬೇಕು. 20ನೇ ದಿನಕ್ಕೆ ಪ್ರತಿ ಪ್ರಾಣಿಯೂ ತಾನು ಹೊತ್ತಿದ್ದನ್ನೆಲ್ಲ ತಾನೇ ತಿಂದು ಮುಗಿಸಿರುತ್ತದೆ. ಆಮೇಲೆ ಲಕ್ಷ ಹೇಸರಗತ್ತೆ ಸೇರಿಸಿದರೂ ಉಳಿತಾಯ ಸೊನ್ನೆ. ಇದು ದಾರಿಯಲ್ಲಿ ಹುಲ್ಲು, ನೀರು ಸಿಕ್ಕರೆ ಮಾತ್ರ.

ಈ ಲೆಕ್ಕ ಮಾಡಿದ ಮೇಲೆ ಹೆರೊಡೋಟಸ್‌ನನ್ನು ನಂಬುವುದು ಕಷ್ಟವಾಯಿತು. ಕ್ರಿ.ಪೂ. 480ರಲ್ಲಿ ಪರ್ಷಿಯಾದ ಜೆರ್ಕ್ಸೀಸ್ ಗ್ರೀಸ್ ಮೇಲೆ ದಂಡೆತ್ತಿ ಹೋದಾಗ ಜೊತೆಗೆ 52,83,220 ಜನ ಇದ್ದರಂತೆ! ಅವರಿಗೆ ದಿನಕ್ಕೆ ಸುಮಾರು 7,900 ಟನ್ ಧಾನ್ಯ ಬೇಕು. ಹತ್ತು ಟನ್ನಿನ ಲಾರಿಗಳಾದರೂ ದಿನಾ 790 ಬರಬೇಕು. ಇಂದಿನ ಇತಿಹಾಸಕಾರರು ಈ ಸಂಖ್ಯೆಯನ್ನು ಒಪ್ಪುವುದಿಲ್ಲ.

ಸಿಕಂದರ್ ಸಣ್ಣ ದಂಡನ್ನೇ ಬೇಗ ಬೇಗ ನಡೆಸಿದ. ಸಮುದ್ರ, ನದಿಗಳನ್ನು ಬಳಸಿಕೊಂಡ, ಏಕೆಂದರೆ ಹಡಗು ಮೇವು ಕೇಳುವುದಿಲ್ಲ. ಶರಣಾದ ಊರುಗಳಿಂದ ದವಸ ಪಡೆದ. ಆ ಊರಿನ ರೈತರು ಆ ವರ್ಷ ಏನು ತಿಂದರೋ, ಅದನ್ನು ಯಾರೂ ಬರೆದಿಟ್ಟಿಲ್ಲ. ಇಸ್ಸಸ್, ಟೈರ್, ಈಜಿಪ್ಟ್, ಗೌಗಮೇಲಾ ಎಲ್ಲ ಗೆದ್ದು, ಕ್ರಿ.ಪೂ. 326ರಲ್ಲಿ ಝೇಲಂ ದಡದಲ್ಲಿ ಪೋರಸ್‌ನನ್ನೂ ಸೋಲಿಸಿದ. ಬಿಯಾಸ್ ನದಿಯ ಹತ್ತಿರ ಸೈನಿಕರು ಮುಂದೆ ಬರಲು ಒಪ್ಪಲಿಲ್ಲ.

ವಾಪಸ್ ಹೋಗುವಾಗ ಕ್ರಿ.ಪೂ. 325ರಲ್ಲಿ ಅವನು ಮಕ್ರಾನ್ ಮರುಭೂಮಿಯ ದಾರಿ ಹಿಡಿದ. ನನ್ನ ಪ್ರಕಾರ ಅವನ ಜೀವನದ ದೊಡ್ಡ ತಪ್ಪು ಇದೇ. ನಿಯಾರ್ಕಸ್‌ನ ಹಡಗುಗಳು ಕರಾವಳಿಯಲ್ಲಿ ಬರಬೇಕಿತ್ತು. ದಂಡಿನ ಧಾನ್ಯವೂ ಅವುಗಳಲ್ಲೇ ಬರಬೇಕಿತ್ತು ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಮುಂಗಾರು ಗಾಳಿ ಹಡಗುಗಳನ್ನು ತಡೆಯಿತು. ಎಲ್ಲೋ ಸಿಕ್ಕಿದ ಸ್ವಲ್ಪ ಧಾನ್ಯಕ್ಕೆ ಮುದ್ರೆ ಹಾಕಿ ಅವನು ಹಡಗಿನವರಿಗಾಗಿ ಕಳುಹಿಸಿದರೆ, ಕಾವಲಿನವರೇ ಮುದ್ರೆ ಒಡೆದು ಹಸಿದವರಿಗೆ ಹಂಚಿದರು. ಅವನು ಯಾರನ್ನೂ ಶಿಕ್ಷಿಸಲಿಲ್ಲ. ಸೈನಿಕರು ತಮ್ಮ ಕುದುರೆ, ಹೇಸರಗತ್ತೆಗಳನ್ನು ಕೊಂದು ತಿಂದು, ದಣಿದು ಸತ್ತವು ಎಂದು ಸುಳ್ಳು ಹೇಳಿದರು. ಅವನಿಗೆ ಗೊತ್ತಿದ್ದೂ ಸುಮ್ಮನಿದ್ದ. ಹೊರುವ ಪ್ರಾಣಿ ಇಲ್ಲದೆ ಕಾಯಿಲೆಯವರನ್ನು ದಾರಿಯಲ್ಲೇ ಬಿಟ್ಟು ನಡೆದರು. ಒಂದು ರಾತ್ರಿ ಹಳ್ಳದಲ್ಲಿ ಏಕಾಏಕಿ ನೀರು ನುಗ್ಗಿ, ದಂಡಿನ ಜೊತೆ ಬಂದಿದ್ದ ಹೆಂಗಸರು, ಮಕ್ಕಳಲ್ಲಿ ಹೆಚ್ಚಿನವರು ಕೊಚ್ಚಿಹೋದರು. ಆ ದಾರಿ ಮುಗಿಸಲು 60 ದಿನ ಬೇಕಾಯಿತು. ಯಾವ ಯುದ್ಧದಲ್ಲೂ ಅವನು ಇಷ್ಟು ಜನರನ್ನು ಕಳೆದುಕೊಂಡಿರಲಿಲ್ಲ.

ಕ್ರಿ.ಪೂ. 323ರ ಜೂನ್‌ನಲ್ಲಿ ಬ್ಯಾಬಿಲೋನ್‌ನಲ್ಲಿ ಅವನಿಗೆ ಜ್ವರ ಬಂತು. ಅರೇಬಿಯಾದ ಕಡೆ ದಂಡಯಾತ್ರೆಗೆ ತಯಾರಿ ನಡೆದಿತ್ತು. ಹಡಗುಗಳಿಗಾಗಿ ದೊಡ್ಡ ಬಂದರು ತೋಡಿಸುತ್ತಿದ್ದ. 33 ತುಂಬುವ ಮೊದಲೇ ತೀರಿಕೊಂಡ.